ಚಿಕ್ಕವ್ವನ ಬಸ್ಸಾರಿಗೆ ಹಿಡಿದ ಎಳೆ

ಈ ಕತೆ ಕೇಳಿದವರೆಲ್ಲ ನಕ್ಕಿದ್ದಾರೆ, ಹೆತ್ತವಳೊಬ್ಬಳು ನಗಲಿಲ್ಲ. ಪುಟ್ಟಗೌರಿಗೆ ಒಬ್ಬನೇ ಮಗ, ಬೋರಲಿಂಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಅದೇ ಅವನ ರೋಗ. "ಇವನನ್ನ ಹೆತ್ತು ಏನು ಸುಖ ಕಂಡೆ" ಅಂತ ಅವಳು ದಿನಾ ಹಣೆ ಚಚ್ಚಿಕೊಳ್ಳುತ್ತಿದ್ದಳು. ಅದಕ್ಕಿಂತ ದೊಡ್ಡ ಉರಿ ಪಕ್ಕದ ಮನೆಯಲ್ಲಿತ್ತು, ಓರಗಿತ್ತಿ ದೇವೀರಿ ಮಾಡುವ ಬಸ್ಸಾರು. ಊರೆಲ್ಲ ಅದನ್ನೇ ಹೊಗಳುತ್ತಿತ್ತು. ಸೋಮವಾರ ಬೀಗರು ಬರುತ್ತಾರೆ, ದೇವೀರಿನೇ ಬಸ್ಸಾರು ಮಾಡಲಿ ಅಂತ ಅತ್ತೆಯೂ ಅಂದುಬಿಟ್ಟಳು. ಹಿರೀ ಸೊಸೆ ನಾನು ಸತ್ತಿದ್ದೀನಾ ಅಂತ ಪುಟ್ಟಗೌರಿಗೆ ಅನ್ನ ಸೇರಲಿಲ್ಲ.

ಬೋರಲಿಂಗ ಪೇಟೆಯ ಲ್ಯಾಬಿನಲ್ಲಿ ಸೀಸೆ ತೊಳೆಯುತ್ತಿದ್ದ. ಅಲ್ಲೊಂದು ಸೂಜಿ, ಅದರೊಳಗೆ ಕೂದಲಿನಂಥ ಪಾಲಿಮರ್ ಎಳೆ. ಹಾಲಿಗೋ ಎಣ್ಣೆಗೋ ಹಿಡಿದರೆ ಅದರಲ್ಲಿರುವ ಘಮವನ್ನೆಲ್ಲ ಹೀರಿಕೊಳ್ಳುತ್ತದೆ. ಆಮೇಲೆ ಮಿಷನ್ನಿಗೆ ಕೊಟ್ಟರೆ ಏನೇನಿದೆ ಅಂತ ಮಿಷನ್ನು ಬರೆದುಕೊಡುತ್ತದೆ.

"ಲೋ ಮಗ, ಅದನ್ನ ತಂದು ಅವಳ ಬಸ್ಸಾರಿಗೆ ಅದ್ದು. ಅದೇನು ಹಾಕ್ತಾಳೋ ನೋಡೇಬಿಡಾನ" ಅಂದಳು ಪುಟ್ಟಗೌರಿ.

ಅದ್ದಿದ. ಸೂಜಿ ಅದ್ದಿದ, ಹಿಡಿ ಅದ್ದಿದ, ಮೊಣಕೈ ತನಕ ಅದ್ದಿದ. ಎಳೆಗೆಲ್ಲ ಬೇಳೆ ಮೆತ್ತಿಕೊಂಡಿತು.

ಲ್ಯಾಬಿನ ವಾರಿಜಾ ಮೇಡಂ ಬೈದರು. "ಸಾರಿಗೆ ತಾಗಿಸಬಾರದು ಕಣಯ್ಯ. ಆವಿ ಬರುತ್ತಲ್ಲ, ಅದರಲ್ಲಿ ಅರ್ಧ ಗಂಟೆ ಹಿಡಿ."

ಮಾರನೇ ದಿನ ಮತ್ತೆ ಚಿಕ್ಕವ್ವ ದೇವೀರಿಯ ಮನೆಗೆ ಹೋದ. ಬಸ್ಸಾರು ಆರಿತ್ತು, ಆವಿ ಇಲ್ಲ. ಬಚ್ಚಲಲ್ಲಿ ಹಂಡೆ ಕುದಿಯುತ್ತಿತ್ತು. ಮೈಕೈ ನೋವಿಗೆ ಅಂತ ಚಿಕ್ಕಪ್ಪ ನೀರಿಗೆ ಬೇವಿನ ಸೊಪ್ಪು ಹಾಕಿದ್ದ. ಆವಿ ಅಂದರೆ ಆವಿ, ಅರ್ಧ ಗಂಟೆ ಹಿಡಿದ. ಮಿಷನ್ನು ಬರೆದದ್ದನ್ನು ನೋಡಿ ಮೇಡಂ, "ಬೇವು ಬಿಟ್ಟರೆ ಇನ್ನೇನೂ ಇಲ್ಲ" ಅಂದರು.

"ಕಳ್ಳಿ, ಬೇವು ಹಾಕ್ತಾಳಂತೆ, ಒಬ್ಬರಿಗೂ ಬಾಯಿ ಬಿಟ್ಟಿಲ್ಲ ನೋಡು." ಪುಟ್ಟಗೌರಿ ಆವತ್ತೇ ಎರಡು ಹಿಡಿ ಬೇವು ರುಬ್ಬಿ ಬಸ್ಸಾರಿಗೆ ಹಾಕಿದಳು. ಗಂಡ ಒಂದು ತುತ್ತು ಉಂಡ, ಎದ್ದ, ದೇವೀರಿ ಮನೆಗೆ ಹೋಗಿ ಉಂಡ. ಪುಟ್ಟಗೌರಿಯ ಹೊಟ್ಟೆ ಇನ್ನಷ್ಟು ಉರಿಯಿತು.

ಆವಿ ಹಂಡೆಯದು ಅಂತ ತಿಳಿದಾಗ ಮೇಡಂ ಮತ್ತೆ ಬೈದರು. "ಮೊದಲು ಫಾರಂ ತುಂಬು. ಯಾವುದು, ಯಾರದು, ಯಾಕೆ. ಇದ್ದದ್ದು ಇದ್ದ ಹಾಗೆ ಬರಿ. ಯಾರದೋ ಅವರಿಗೆ ಓದಿ ಹೇಳಿ ಸಹಿ ಹಾಕಿಸು, ಒಂದು ಸಾಕ್ಷಿ ಸಹಿಯೂ ಬೇಕು."

"ಈ ಸಲನಾದ್ರೂ ಮೇಡಂ ಹೇಳಿದ ಹಾಗೆ ಮಾಡೋ ದಂಡಪಿಂಡ" ಅಂದಳು ಅವ್ವ.

ಸೋಮವಾರ ಬೀಗರೆಲ್ಲ ಎಲೆ ಮುಂದೆ ಕೂತಿದ್ದರು. ದೇವೀರಿ ಬಸ್ಸಾರು ಬಡಿಸುತ್ತಿದ್ದಳು, ಪುಟ್ಟಗೌರಿಗೆ ಉಪ್ಪು ಬಡಿಸುವ ಕೆಲಸ. ಬೋರಲಿಂಗ ಪಂಕ್ತಿ ನಡುವೆ ನಿಂತು ಗಟ್ಟಿಯಾಗಿ ಓದಿದ.

"ಯಾವುದು? ಬಸ್ಸಾರು. ಯಾರದು? ಚಿಕ್ಕವ್ವಂದು. ಯಾಕೆ? ನಮ್ಮವ್ವಂಗೆ ಹೊಟ್ಟೆಕಿಚ್ಚು. ಇಲ್ಲಿ ಸಹಿ ಹಾಕು ಚಿಕ್ಕವ್ವ."

ಬೀಗರು ತುತ್ತನ್ನು ಕೈಯಲ್ಲೇ ಹಿಡಿದು ಕೂತರು. ದೇವೀರಿ ಸೌಟು ಕೆಳಗಿಟ್ಟು, ಕೈ ಒರೆಸಿಕೊಂಡು, ನಿಧಾನವಾಗಿ ಸಹಿ ಹಾಕಿದಳು.

ಬೋರಲಿಂಗ ಅವ್ವನ ಹತ್ತಿರ ಬಂದು ಪೆನ್ನು ಚಾಚಿದ.

"ಸಾಕ್ಷಿ ಸಹಿ ಒಂದು ಬಾಕಿ ಐತೆ. ನಿನಗಿಂತ ಚೆನ್ನಾಗಿ ಇದು ಇನ್ಯಾರಿಗೆ ಗೊತ್ತು? ಹಾಕವ್ವ."