ಕುಂತವ್ವನ ಗುಡ್ಡ

ನಮ್ಮೂರು ಬೋದನಾಳದ ಬತ್ತಿದ ಕೆರೆಯ ಏರಿಯಿಂದ ಕೂಗಳತೆಯ ದೂರದಲ್ಲಿ ಒಂದು ಬೋಳು ಗುಡ್ಡವಿದೆ. ಅದರ ನೆತ್ತಿಯಲ್ಲಿ ಹಾಸುಬಂಡೆ, ಬಂಡೆಯ ಪಕ್ಕದಲ್ಲಿ ಒಂದು ಸಮಾಧಿ, ಸಮಾಧಿಯ ಎದುರಿಗೆ ಮೊಣಕಾಲೆತ್ತರವೂ ಇಲ್ಲದ ಒಂದು ಚಪ್ಪಟೆ ಕಲ್ಲು. ಇದಕ್ಕೆ ಕುಂತವ್ವನ ಗುಡ್ಡ ಎಂದು ಹೆಸರು. ಅರಮನೆಯ ಪ್ರವಾಸ ಇಲಾಖೆಯವರು ಅಲ್ಲಿ ಚಿನ್ನದ ಅಕ್ಷರದ ಫಲಕವೊಂದನ್ನು ನೆಟ್ಟಿದ್ದಾರೆ. ಮೊಣಕಾಲು ನೋವಿನಿಂದ ನರಳುತ್ತಿದ್ದ ಬಡ ವೃದ್ಧೆಯೊಬ್ಬಳಿಗೆ ದಯಾಳುವಾದ ಮಹಾರಾಜರು ತಮ್ಮ ಸನ್ನಿಧಿಯಲ್ಲಿ ಕುಳಿತುಕೊಳ್ಳಲು ಅಪ್ಪಣೆ ಕೊಟ್ಟ ಪುಣ್ಯಸ್ಥಳವಿದು, ಎದುರಿನ ಕಲ್ಲು ಅವರು ಪಾದವಿಟ್ಟ ಪೀಠ ಎಂದು ಅದರಲ್ಲಿ ಬರೆದಿದೆ. ಹಸಿ ಸುಳ್ಳು. ಆ ಮುದುಕಿಯ ಮೊಣಕಾಲು ಗಟ್ಟಿಯಾಗಿದ್ದವು. ಮಹಾರಾಜರು ಈ ಗುಡ್ಡ ಹತ್ತಿದ್ದೇ ಇಲ್ಲ. ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಬಂದು ಈ ಫಲಕವನ್ನು ಗಟ್ಟಿಯಾಗಿ ಓದಿಸುವುದನ್ನು ಕಂಡಾಗಲೆಲ್ಲ ನನ್ನ ಮೈ ಉರಿಯುತ್ತದೆ. ಆದ್ದರಿಂದ ನಮ್ಮೂರ ಹಿರಿಯರು ಹೇಳಿಕೊಂಡು ಬಂದದ್ದನ್ನು ಇಲ್ಲಿ ಬರೆದಿಡುತ್ತೇನೆ. ಯಾರಿಗೆ ಕೋಪ ಬಂದರೂ ಬರಲಿ.

ಹಿಂದೆ ಒಮ್ಮೆ ಈ ನಾಡಿನಲ್ಲಿ ಅರಸರೇ ಇರಲಿಲ್ಲ, ಜನರು ಮತ ಹಾಕಿ ತಮ್ಮನ್ನು ಆಳುವವರನ್ನು ಆರಿಸುತ್ತಿದ್ದರು ಎನ್ನುತ್ತಾರೆ. ಕಡಲು ಉಕ್ಕಿ ಕರಾವಳಿಯ ಊರುಗಳನ್ನು ನುಂಗಿ, ಅಲ್ಲಿನ ಜನವೆಲ್ಲ ಬಯಲುಸೀಮೆಗೆ ಹತ್ತಿ ಬಂದಾಗ ನೀರಿಗಾಗಿ ಹೊಡೆದಾಟಗಳಾದವು. ಹೆಚ್ಚು ಮತವಿದ್ದ ಊರು ಕಡಿಮೆ ಮತವಿದ್ದ ಊರಿನ ನೀರನ್ನು ಕಾನೂನಿನ ಪ್ರಕಾರವೇ ಕಿತ್ತುಕೊಂಡಿತು. ಆಗ ಪಂಪ್‌ಹೌಸೊಂದರಲ್ಲಿ ಕೆಲಸಕ್ಕಿದ್ದ ತಿರುಕಪ್ಪನೆಂಬಾತ ಯಾರ ಮುಲಾಜಿಗೂ ಬೀಳದೆ ಎಲ್ಲ ಊರಿಗೂ ಸಮನಾಗಿ ನೀರು ಬಿಟ್ಟ. ಬೇಸತ್ತಿದ್ದ ಜನ ಅವನನ್ನೇ ಅರಸನನ್ನಾಗಿ ಮಾಡಿದರು. ತಿರುಕಪ್ಪ ಕಿರೀಟ ಬೇಡವೆಂದ, ಒಂದು ಕಟ್ಟಳೆ ಮಾತ್ರ ಬೇಕೆಂದ. ಅರಮನೆಯು ಯಾವುದೇ ಊರಿನಿಂದ ಏನನ್ನಾದರೂ ಪಡೆಯಬೇಕಾದರೆ ಆ ಊರಿನ ಜನ ಎತ್ತರದ ಜಾಗದಲ್ಲಿ ಸೇರಿ ಕೂರಬೇಕು, ಅವರ ಮುಂದೆ ಆಜ್ಞೆಯನ್ನು ಓದಬೇಕು, ಒಪ್ಪಿದವರು ಏಳಬೇಕು. ಒಬ್ಬರು ಏಳದೆ ಕೂತರೂ ಆಜ್ಞೆ ಅಲ್ಲಿಗೇ ನಿಲ್ಲಬೇಕು. ಅರಸ ತಾನೇ ಬಂದು, ಕೂತವರ ಎದುರಿಗೆ, ಅವರಿಗಿಂತ ತಗ್ಗಿನ ಕಲ್ಲಿನ ಮೇಲೆ ಕೂತು ಯಾಕೆಂದು ಕೇಳಬೇಕು. ಎದ್ದವರನ್ನು ಎಣಿಸಬೇಡಿ, ಕೂತವರನ್ನು ಕೇಳಿ ಎಂಬುದು ಅವನ ಮಾತು. ಊರೂರಿನಲ್ಲೂ ಅರಸನ ಕಲ್ಲನ್ನು ಇಟ್ಟದ್ದು ಆಗಲೇ. ಅಂಥ ಕಲ್ಲುಗಳ ಮೇಲೆ ಕೂತೂ ಕೂತೂ ತಿರುಕಪ್ಪನ ಧೋತರ ಹಿಂದುಗಡೆ ಯಾವಾಗಲೂ ಸವೆದಿರುತ್ತಿತ್ತಂತೆ. ನಮ್ಮೂರಿಗೆ ಮಾತ್ರ ಅವನು ಬರುವ ಪ್ರಸಂಗ ಒದಗಲಿಲ್ಲ. ಅಂಥ ಅರಸನಿಗಾದರೆ ನಾನೂ ಎದ್ದು ನಿಂತು ಕೈಮುಗಿದೇನು.

ಅವನ ಮರಿಮಗನ ಕಾಲಕ್ಕೆ ಎಲ್ಲವೂ ಕೆಟ್ಟಿತು. ಮುತ್ತಜ್ಜನ ಹೆಸರು ಹೇಳಲು ನಾಚಿದ ಈ ಮಹಾನುಭಾವ ತನ್ನನ್ನು ಆದಿತ್ಯವಿಜಯ ಮಹಾರಾಜ ಎಂದು ಕರೆಸಿಕೊಂಡ. ಪಂಪ್‌ಹೌಸಿನ ಮಾಡಿನ ಮೇಲಿದ್ದ ಸೋಲಾರ್ ಹಲಗೆಗಳನ್ನು ತೋರಿಸಿ ತಮ್ಮದು ಸೂರ್ಯವಂಶವೆಂದು ಪಂಡಿತರಿಂದ ಬರೆಸಿದ. ಪಂಡಿತರೂ ಬರೆದರು, ಅವರಿಗೇನು. ಆದರೆ ಮುತ್ತಜ್ಜನ ಕಟ್ಟಳೆಯನ್ನು ಅಳಿಸುವ ಧೈರ್ಯ ಅವನಿಗಿರಲಿಲ್ಲ. ಅದಕ್ಕೇ ಅದರ ಬಾಲಕ್ಕೆ ಒಂದು ಹಾಡು ಕಟ್ಟಿದ. ಆಜ್ಞೆ ಓದಿ ಮುಗಿಸಿದ ಕೂಡಲೇ ರಾಜಗೀತೆ ನುಡಿಸಬೇಕು, ರಾಜಗೀತೆಗೆ ಎಲ್ಲರೂ ಎದ್ದು ನಿಲ್ಲಬೇಕು ಎಂದಾಯಿತು. ನಮ್ಮ ಜನ ಹಿರಿಯರು ಬಂದರೆ ಏಳುವವರು, ಮಂಗಳಾರತಿಗೆ ಏಳುವವರು. ಹಾಡು ಕೇಳಿಸಿದಾಗ ಕೂತಿರುವುದು ಅವರಿಗೆ ಗೊತ್ತೇ ಇರಲಿಲ್ಲ. ಮರ್ಯಾದೆಗೆ ಎದ್ದರು. ಎದ್ದದ್ದನ್ನು ಅಧಿಕಾರಿಗಳು ಒಪ್ಪಿಗೆ ಎಂದು ಬರೆದುಕೊಂಡು ಹೋದರು. ಹೀಗೆ ಒಂದು ಊರಿನ ಕಾಡು ಹೋಯಿತು, ಇನ್ನೊಂದರ ಗೋಮಾಳ ಹೋಯಿತು. ಕಳ್ಳ ಕತ್ತಲಲ್ಲಿ ಬಂದು ಕದಿಯುತ್ತಾನೆ. ಇವರು ಹಾಡುಹಗಲಲ್ಲಿ ಜನರ ಸಭ್ಯತೆಯನ್ನೇ ಬಂಡವಾಳ ಮಾಡಿಕೊಂಡು ಕದ್ದರು. ಇದಕ್ಕಿಂತ ನೀಚತನ ನನಗೆ ತಿಳಿದಿಲ್ಲ.

ಆ ಮಹಾರಾಜರ ಪಟ್ಟದ ಬೆಳ್ಳಿಹಬ್ಬಕ್ಕೆ ರಾಜಧಾನಿಯಲ್ಲಿ ಕಾರಂಜಿಗಳ ತೋಟವಾಗಬೇಕಿತ್ತು. ಅದಕ್ಕಾಗಿ ಬೋದನಾಳದ ಕೆರೆಯ ತೂಬನ್ನು ಮುಚ್ಚಿ, ನೀರನ್ನೆಲ್ಲ ಕೊಳವೆಯಲ್ಲಿ ಒಯ್ಯುವ ಆಜ್ಞೆ ಹೊರಟಿತು. ತೂಬು ಮುಚ್ಚಿದರೆ ಕೆರೆಯ ಕೆಳಗಿನ ಹಳ್ಳಿಯವರಿಗೆ ಊರು ಬಿಡುವುದೊಂದೇ ದಾರಿ. ಆ ತೂಬನ್ನು ಎತ್ತಿ ಇಳಿಸಿ, ಹೊಲಗದ್ದೆಗಳಿಗೆ ನೀರು ಹಂಚುವ ಕೆಲಸ ಬಸಲಿಂಗವ್ವ ಎಂಬ ವಿಧವೆಯದಾಗಿತ್ತು. ದಿನ ಬೆಳಗಾದರೆ ಏರಿ ಹತ್ತಿ ಇಳಿಯುತ್ತಿದ್ದ ಹೆಂಗಸು. ಒಪ್ಪಿಗೆ ಪಡೆಯಲು ಬಂದ ಅಧಿಕಾರಿ ಗುಡ್ಡದ ಮೇಲೆ ನಿಂತು, ತೂಬು ಎಂಬ ಮಾತೊಂದನ್ನು ಬಿಟ್ಟರೆ ಯಾರಿಗೂ ಏನೂ ತಿಳಿಯದ ಅರಮನೆಯ ಕನ್ನಡದಲ್ಲಿ ಆಜ್ಞೆ ಓದಿದ. ಧ್ವನಿವರ್ಧಕದಲ್ಲಿ ರಾಜಗೀತೆ ಶುರುವಾಯಿತು. ಊರಿಗೆ ಊರೇ ಎದ್ದಿತು. ಹಾಸುಬಂಡೆಯ ಮೇಲೆ ಬಸಲಿಂಗವ್ವ ಮಾತ್ರ ಕೂತೇ ಇದ್ದಳು. ಊರಗೌಡ ಸಂಗನಗೌಡ ಬಗ್ಗಿ, "ಏಳಬೇ ಯವ್ವಾ, ಹಾಡು ನಡದೈತಿ" ಎಂದ.

"ಹಾಡು ನಡೀಲಿ ಗೌಡ್ರ. ನಾ ಕುಂತಿದ್ದು ಹಾಡಿಗಲ್ಲ, ತೂಬಿಗೆ" ಎಂದಳು.

ಹಾಡು ಮುಗಿಯಿತು. ಅವಳು ಏಳಲಿಲ್ಲ. ಅಧಿಕಾರಿ ಮತ್ತೆ ಹಾಡು ಹಾಕಿಸಿದ, ಅದು ಮುಗಿಯುತ್ತಲೇ ಮತ್ತೆ ಹಾಕಿಸಿದ. ಹಾಡು ನಡೆಯುವಾಗ ಎದ್ದವರು ಕೂರುವಂತಿಲ್ಲ. ಬೇಸಿಗೆಯ ಬಿಸಿಲು ನೆತ್ತಿಗೇರಿತು, ಬಂಡೆ ಕಾಯಿತು, ನಿಂತವರ ಕಾಲು ಬಾತವು, ಬಸುರಿಯೊಬ್ಬಳು ಕುಸಿದು ಬಿದ್ದಳು. ಅಧಿಕಾರಿ ಅರಮನೆಗೆ ಸುದ್ದಿ ಮುಟ್ಟಿಸಿದ. ಮಹಾರಾಜರು ತಗ್ಗಿನ ಕಲ್ಲಿನ ಮೇಲೆ ಕೂರುವವರಲ್ಲ ಎಂದು ಅಲ್ಲಿಂದ ಉತ್ತರ ಬಂತು. ಆಗ ಅವನು ಗೌಡನ ಕಡೆ ತಿರುಗಿ, "ಈ ಅಜ್ಜಿಗೆ ಏಳಲು ಆಗುವುದಿಲ್ಲ, ಅಲ್ಲವೇ ಗೌಡರೇ? ಏಳಲಾಗದವರು ಕೂತರೆ ಅದು ವಿರೋಧವಲ್ಲ. ನೀವು ಹೌದೆಂದರೆ ಹಾಡು ನಿಲ್ಲಿಸುತ್ತೇನೆ" ಎಂದ.

ಗೌಡ ನೆಲ ನೋಡಿದ. "ಹೌದ್ರಿ. ಆಕಿಗೆ ಮಣಕಾಲ ಬ್ಯಾನಿ ಐತ್ರಿ" ಎಂದ. ಊರಿನವರೂ ಹೌದು ಹೌದೆಂದು ತಲೆ ಆಡಿಸಿದರು.

ಬಸಲಿಂಗವ್ವನನ್ನು ಕಟ್ಟಿಹಾಕಿದ್ದು ಹೀಗೆ. ಕೂತಿದ್ದರೆ ಕಾಲು ನೋವು. ಸುಳ್ಳೆಂದು ತೋರಿಸಲು ಎದ್ದು ನಿಂತರೆ ಅದೇ ಒಪ್ಪಿಗೆ. ಅವಳು ಅಧಿಕಾರಿಯನ್ನು ಬೈಯಲಿಲ್ಲ. ಅವನಿಂದ ಅವಳು ಏನನ್ನೂ ನಿರೀಕ್ಷಿಸಿರಲಿಲ್ಲ. "ನಿಮ್ಮ ಕಾಲು ನೋವಿಗೆ ನನ್ನ ಕಾಲು ಮುರದ್ರಲ್ಲ ಗೌಡ್ರ" ಎಂದಷ್ಟೇ ಅಂದಳು. ಅದೇ ದಿನ ತೂಬಿಗೆ ಸಿಮೆಂಟು ಬಿತ್ತು.

ಅರಸ ಬಂದು ಕೇಳುವವರೆಗೆ ತಾನು ಏಳುವುದಿಲ್ಲವೆಂದು ಅವಳು ಅಲ್ಲೇ ಉಳಿದಳು. ಯಾರಾದರೂ ತಂದುಕೊಟ್ಟ ರೊಟ್ಟಿ ತಿಂದಳು, ಬಂಡೆಗೆ ಒರಗಿ ನಿದ್ದೆ ಮಾಡಿದಳು. ಎದ್ದದ್ದನ್ನು ಯಾರಾದರೂ ಕಂಡು ಒಪ್ಪಿಗೆಯೆಂದು ಬರೆದಾರೆಂದು ಬಹಿರ್ದೆಸೆಗೂ ತೆವಳಿಕೊಂಡೇ ಹೋಗುತ್ತಿದ್ದಳಂತೆ. ಕೆಳಗಿನ ಹಳ್ಳಿಯವರು ಪಾತ್ರೆಪಡಗ ಹೇರಿಕೊಂಡು ಗುಡ್ಡದ ಬುಡದಲ್ಲಿ ಹಾದುಹೋಗುವಾಗ ಒಮ್ಮೆ ಮೇಲೆ ನೋಡಿ ಕೈಮುಗಿಯುತ್ತಿದ್ದರು. ಅವಳ ಜೊತೆ ಬಂದು ಕೂರಲು ಮಾತ್ರ ಒಬ್ಬರಿಗೂ ಆಗಲಿಲ್ಲ. ನಮ್ಮೂರಿನವರಿಗೂ ಆಗಲಿಲ್ಲ. ಇದನ್ನು ಬರೆಯುವಾಗ ಅರಸನ ಮೇಲಿನ ಸಿಟ್ಟಿಗಿಂತ ಈ ಸಿಟ್ಟೇ ನನಗೆ ಹೆಚ್ಚು. ಮುಂಗಾರು ಕಳೆದು ಚಳಿ ಬಿದ್ದ ಮೇಲೆ ಒಂದು ಬೆಳಿಗ್ಗೆ ಅವಳು ಕೂತಲ್ಲೇ ಪ್ರಾಣ ಬಿಟ್ಟಳು. ಹೆಣವನ್ನು ಮಲಗಿಸಿಯೇ ಹೂಳಬೇಕೆಂದು ಅರಮನೆಯಿಂದ ಅಪ್ಪಣೆ ಬಂತು. ಅಷ್ಟು ಹೆದರಿಕೆ ಇತ್ತು ಅವರಿಗೆ. ಸಂಗನಗೌಡ ಆಗ ಬಾಯಿಬಿಟ್ಟು, "ನಮ್ಮಲ್ಲಿ ಕುಂಡ್ರಿಸೇ ಮಣ್ಣು ಮಾಡೂದ್ರಿ, ಮಲಗಸಂಗಿಲ್ಲ" ಎಂದ. ತಾನೇ ಗುಂಡಿಗೆ ಇಳಿದು, ಅವಳನ್ನು ಅರಸನ ಕಲ್ಲಿಗೆ ಮುಖ ಮಾಡಿ ಕೂರಿಸಿದ. ಅದರಿಂದ ಅವನ ಸುಳ್ಳು ತೊಳೆದುಹೋಯಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ.

ಇಂದು ಗುಡ್ಡ ಹತ್ತಿದವರಿಗೆ ಕೆಳಗೆ ಸಿಮೆಂಟು ಮೆತ್ತಿದ ತೂಬೂ, ಜಾಲಿ ಬೆಳೆದ ಕೆರೆಯಂಗಳವೂ ಕಾಣಿಸುತ್ತವೆ. ಸಂಜೆಗೆ ಇಲಾಖೆಯವರು ರಾಜಗೀತೆ ಹಾಕುತ್ತಾರೆ, ಬಂದವರೆಲ್ಲ ಫೋಟೊ ತೆಗೆಯುವುದನ್ನು ಬಿಟ್ಟು ನೆಟ್ಟಗೆ ನಿಲ್ಲುತ್ತಾರೆ. ತಿರುಕಪ್ಪನ ಕಟ್ಟಳೆಯನ್ನು ಇಂದಿಗೂ ಯಾವ ಅರಸನೂ ರದ್ದು ಮಾಡಿಲ್ಲ. ಅದರ ಪ್ರಕಾರ ಬೋದನಾಳದಲ್ಲಿ ಒಬ್ಬಳು ಇನ್ನೂ ಕೂತಿದ್ದಾಳೆ, ಅರಸ ಬಂದು ಕೇಳುವುದು ಬಾಕಿಯಿದೆ. ಹೊಸ ಅರಸನಿಗೆ ಪಟ್ಟವಾದಾಗಲೆಲ್ಲ ನಮ್ಮೂರ ಹೆಂಗಸರು ಹೋಗಿ ಎದುರಿನ ಆ ತಗ್ಗಿನ ಕಲ್ಲನ್ನು ತೊಳೆದು ಬರುತ್ತಾರೆ. ಫಲಕವನ್ನು ನಂಬುವವರು ಆ ಕಲ್ಲಿನ ಮೇಲೊಮ್ಮೆ ಕೈಯಾಡಿಸಿ ನೋಡಲಿ. ಬೇರೆ ಊರುಗಳಲ್ಲಿ ತಿರುಕಪ್ಪ ಕೂತ ಕಲ್ಲುಗಳು ನುಣ್ಣಗಾಗಿವೆ. ನಮ್ಮೂರಿನದು ಉಳಿಯೇಟಿನ ಗುರುತು ಕೂಡ ಮಾಸದೆ ಒರಟಾಗಿಯೇ ಇದೆ.