ಎರಡೂ ಕಡೆ ಒಂದೇ ಪದ್ಧತಿ

ನಮ್ಮ ಸೀರೆ ಅಂಗಡಿಯ ಮಾಲೀಕ ನಿಜಗುಣ ಮಾಳಿಗೆಯಲ್ಲಿ ಆನ್‌ಲೈನ್ ವ್ಯಾಪಾರ ಶುರು ಮಾಡಿದ. ಕೂಡಲೇ ಕೆಳಗೆ ಅಂಗಡಿಯಲ್ಲಿದ್ದ ನಮಗೆ ಅಪ್ಪಣೆ ಬಂತು.

"ಆನ್‌ಲೈನ್‌ನಲ್ಲಿ ಯಾರೂ ಸೀರೆ ಹರವಿ ತೋರಿಸಲ್ಲ. ಇಲ್ಲೂ ತೋರಿಸಬಾರದು. ಎರಡೂ ಕಡೆ ಒಂದೇ ಪದ್ಧತಿ. ಹರವಿದವರ ಕೆಲಸ ಹೋಯಿತು ಅಂತ ತಿಳಿಯಿರಿ."

ನನಗೆ ಮೈ ಉರಿದುಹೋಯಿತು. ಸೆರಗು ನೋಡದೆ ಯಾವ ಹೆಂಗಸು ರೇಷ್ಮೆ ಕೊಳ್ಳುತ್ತಾಳೆ? ಗಾದಿ ಮೇಲೆ ಕೂತ ಗಿರಾಕಿಗಳೆಲ್ಲ ಬೈದು ಎದ್ದುಹೋದರು. ಬೈಸಿಕೊಂಡವರು ನಾವು, ಅವನಲ್ಲ.

ಅವನ ತಾಯಿಗೆ ನಾನೇ ಫೋನ್ ಮಾಡಿದೆ. "ಹೊಸ ರೇಷ್ಮೆ ಬಂದಿದೆ, ಬನ್ನಿ ಅಮ್ಮ."

ಬಂದರು. ಮಡಿಸಿದ ಸೀರೆ ಮುಂದಿಟ್ಟು ಕೈಕಟ್ಟಿ ಕೂತೆ.

"ಸೆರಗು ತೋರಿಸಪ್ಪ."

"ಆಗಲ್ಲಮ್ಮ. ತೋರಿಸಿದರೆ ನಿಮ್ಮ ಮಗ ಕೆಲಸದಿಂದ ತೆಗೀತಾರೆ."

ಆಕೆ ಮಗನನ್ನು ಕೂಗಿದರು. ಅವನು ಮಾಳಿಗೆಯಿಂದ ಓಡಿಬಂದು, "ಅಮ್ಮನಿಗೆ ಹರವಯ್ಯ" ಅಂದ.

"ಒಂದೇ ಪದ್ಧತಿ ಅಂದವರು ನೀವು, ಸಾರ್. ಕೆಳಗೆ ಹರವಿದರೆ ಮೇಲೂ ಹರವಬೇಕಾಗುತ್ತೆ."

ತಾಯಿ ಮಗನನ್ನೇ ದಿಟ್ಟಿಸಿದರು. ಅವನು ತಲೆ ತಗ್ಗಿಸಿ, ತಾನೇ ಸೀರೆ ಹರವಿದ.

ಈಗಲೂ ಎರಡೂ ಕಡೆ ಒಂದೇ ಪದ್ಧತಿ. ಮಾಳಿಗೆಯಲ್ಲಿ ಕ್ಯಾಮೆರಾ ಮುಂದೆ ಗಾದಿ ಹಾಕಿ ಕೂತು, ದಿನವಿಡೀ ಸೆರಗು ತೋರಿಸುವವನು ನಿಜಗುಣನೇ.