ಮಜ್ಜಿಗೆ ಕುಡಿದ ಗ್ರೀಕ್ ನಾಣ್ಯ

ಮೈಸೂರಿನಲ್ಲಿ ಒಬ್ಬ ನಾಣ್ಯಪಂಡಿತರಿದ್ದರು ಕಣ್ರಪ್ಪ. ಗ್ರೀಕರ ಕಾಲದ ಕಂಚಿನ ನಾಣ್ಯದ ಕಿಲುಬು ನೋಡಿಯೇ ವಯಸ್ಸು ಹೇಳ್ತೀನಿ ಅನ್ನೋ ಜಂಬ ಅವರದ್ದು. ಅವರ ಮನೆಯ ಪಾತ್ರೆ ತಿಕ್ಕೋಳು ಒಂದಿನ ಮೇಜಿನ ಮೇಲೆ ಹಸಿರುಗಟ್ಟಿದ ನಾಣ್ಯ ಕಂಡಳು. ಅಯ್ಯೋ ಪಾಪ ಅಂತ ಹುಣಸೆಹಣ್ಣು ಹಾಕಿ ಫಳಫಳ ಬೆಳಗಿಟ್ಟಳು.

ಪಂಡಿತರು ಕುಣಿದಾಡಿಬಿಟ್ಟರು. "ಎರಡು ಸಾವಿರ ವರ್ಷ ತೊಳೆದು ಬಚ್ಚಲಿಗೆ ಬಿಟ್ಟೆಯಲ್ಲೇ! ಶುಕ್ರವಾರ ದೊಡ್ಡ ವಿದ್ವಾಂಸರು ನೋಡೋಕೆ ಬರ್ತಾರೆ. ಅಷ್ಟರಲ್ಲಿ ಆ ಹಸಿರು ವಾಪಸ್ ಬರಬೇಕು. ಇಲ್ಲದಿದ್ದರೆ ನಿನಗೆ ಕೆಲಸವಿಲ್ಲ!"

"ಆಗಲಿ ಬುದ್ಧೀ," ಅಂದಳು.

ಕಂಚಿನ ಪಾತ್ರೇಲಿ ಹುಳಿ ಮಜ್ಜಿಗೆ ಮರೆತರೆ ಏನಾಗುತ್ತೆ ಅಂತ ಅವಳಿಗೆ ಗೊತ್ತಿಲ್ಲವೇ? ಉಪ್ಪು ಹಾಕಿದ ಹುಳಿ ಮಜ್ಜಿಗೇಲಿ ಬಟ್ಟೆ ಅದ್ದಿ ನಾಣ್ಯ ಸುತ್ತಿಟ್ಟಳು. ಪಂಡಿತರ ಕಣ್ಣು ಎಷ್ಟು ಚುರುಕೋ ನೋಡೋಣ ಅಂತ, ತನ್ನ ಮುರಿದ ಕಂಚಿನ ಸೌಟಿನ ದುಂಡನೆ ಚೂರನ್ನೂ ಜೊತೆಗೆ ಸುತ್ತಿದಳು.

ಶುಕ್ರವಾರ ಹಸಿರು ಹಸಿರಾದ ಎರಡನ್ನೂ ತಟ್ಟೇಲಿಟ್ಟು ತಂದಳು.

"ಇದೊಂದು ಎಲ್ಲಿಂದ ಬಂತೇ?"

"ನಮ್ಮನೇಲಿ ಬಿದ್ದಿತ್ತು ಬುದ್ಧೀ."

ಪಂಡಿತರು ಭೂತಗನ್ನಡಿ ಹಿಡಿದು ವಿದ್ವಾಂಸರ ಕಡೆ ತಿರುಗಿದರು. "ನೋಡಿ ಸ್ವಾಮಿ, ಇದು ನನ್ನ ನಾಣ್ಯಕ್ಕಿಂತ ಮುನ್ನೂರು ವರ್ಷ ಹಳೇದು! ಎಷ್ಟು ಜನರ ಕೈ ದಾಟಿದೆಯೋ, ರಾಜನ ಮುಖವೇ ಸವೆದುಹೋಗಿದೆ."

ಕಾಫಿ ಕೊಡೋ ನೆಪದಲ್ಲಿ ಅವಳು ಪಂಡಿತರ ಕಿವಿ ಹತ್ತಿರ ಬಗ್ಗಿದಳು. "ಸವೆಯದೇ ಏನು ಬುದ್ಧೀ? ನಮ್ಮತ್ತೆ ನಲವತ್ತು ವರ್ಷ ಅದರಲ್ಲೇ ಸಾರು ಕದಡಿದ್ರು. ನಾಳೆ ಕೆಲಸಕ್ಕೆ ಬರಲೋ, ಬೇಡವೋ?"

ಪಂಡಿತರಿಗೆ ಕಾಫಿ ನೆತ್ತಿಗೇರಿತು. "ಬಾ ನಮ್ಮ ತಾಯಿ, ಬಾ!"

ಆಮೇಲೆ ಯಾವ ನಾಣ್ಯ ಬಂದರೂ, ವಯಸ್ಸು ಹೇಳೋಕೆ ಮುಂಚೆ ಪಂಡಿತರು ಅದನ್ನೊಮ್ಮೆ ಮೂಸಿ ನೋಡ್ತಿದ್ದರಂತೆ.